ಗೋಮಾಳ ಕಾಯುವವರಿಗೆ ಬೇಕಾದ ನೆರವು

ಜೂನ್ 5ರ ಪರಿಸರ ದಿನ ಹತ್ತಿರವಾದಂತೆ ಗೋಮಾಳ, ಗುಂಡುತೋಪು, ಕೆರೆಯಂಗಳ ಉಳಿಸಲು ಹೆಣಗುವ ಊರ ಬಳಗಗಳಿಗೆ ಎಲ್ಲಿಲ್ಲದ ಬೇಡಿಕೆ. ಸಸಿ ನಾವೇ ತರುತ್ತೇವೆ, ಜಾಗ ತೋರಿಸಿ ಎನ್ನುವ ಕಂಪನಿಗಳು, ಸಂಘಗಳು ಮುಂದೆ ಬರುತ್ತವೆ. ಅವರ ಮನಸ್ಸು ಒಳ್ಳೆಯದೇ. ಆದರೆ ಊರೊಟ್ಟಿನ ನೆಲ ಬಹುಪಾಲು ಕೈತಪ್ಪುವುದು ತಾಲ್ಲೂಕು ಕಚೇರಿಯ ಕಡತದಲ್ಲಿ. ಅಲ್ಲಿ ಅದರ ಪರ ನಿಲ್ಲುವವರು ತೀರಾ ಕಡಿಮೆ.

ಗೋಮಾಳವನ್ನೇ ನೋಡಿ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದಂತೆ ಪ್ರತಿ ನೂರು ರಾಸುಗಳಿಗೆ 30 ಎಕರೆ ಮೇವಿನ ಜಾಗ ಇರಬೇಕು. ರಾಸುಗಳ ಲೆಕ್ಕ ಇಳಿದರೆ ಮಿಕ್ಕ ನೆಲಕ್ಕೆ ‘ಹೆಚ್ಚುವರಿ’ ಎಂಬ ಹಣೆಪಟ್ಟಿ ಬೀಳುತ್ತದೆ. ಆಮೇಲೆ ಮಂಜೂರಾತಿಯ ದಾರಿ ಸಲೀಸು. ಅಂದರೆ ಊರಿನ ದನಕರುಗಳ ಎಣಿಕೆ ಸರಿಯಾಗಿದೆಯೇ ಎಂದು ನೋಡುವುದೂ ನೆಲ ಕಾಯುವ ಕೆಲಸವೇ. ಪಹಣಿ, ಮ್ಯುಟೇಷನ್, ಗ್ರಾಮನಕ್ಷೆ, ಹಳೆಯ ಸರ್ವೆ ಟಿಪ್ಪಣಿಗಳನ್ನು ಓದಬಲ್ಲ ಒಬ್ಬ ನಿವೃತ್ತ ಗ್ರಾಮಲೆಕ್ಕಿಗರೋ ಸರ್ವೆಯರೋ ವಾರಕ್ಕೊಂದು ಬೆಳಿಗ್ಗೆ ಬಳಗದ ಜೊತೆ ಕುಳಿತರೆ, ಲಾರಿಗಟ್ಟಲೆ ಸಸಿಗಿಂತ ಹೆಚ್ಚಿನ ಉಪಕಾರವಾದೀತು.

ನೀಲಗಿರಿ ತೋಪುಗಳ ವಿರುದ್ಧದ ಕುಸನೂರಿನ ಹೋರಾಟ ಗೆದ್ದದ್ದರ ಹಿಂದೆ ಇಂಥ ನೆರವೂ ಇತ್ತು. 1984ರಲ್ಲಿ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್‌ಗೆ ನೀಲಗಿರಿ ಬೆಳೆಯಲೆಂದು ಸುಮಾರು 30 ಸಾವಿರ ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಭೂಮಿ ಗೊತ್ತುಪಡಿಸಲಾಗಿತ್ತು. ಹಳ್ಳಿಗರ ಸೌದೆ, ಮೇವು ಬರುತ್ತಿದ್ದುದೇ ಅಲ್ಲಿಂದ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು. ನಮಗೆ ನೆನಪಿರುವುದು ಈ ಕಿತ್ತಿಕೊ–ಹಚ್ಚಿಕೊ ಸತ್ಯಾಗ್ರಹ. ಅದಕ್ಕೂ ಮೊದಲೇ, 1986ರಲ್ಲಿ, ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಶಿವರಾಮ ಕಾರಂತರು ಅರ್ಜಿದಾರರಾಗಿ ತಮ್ಮ ಹೆಸರನ್ನೇ ಕೊಟ್ಟಿದ್ದರು. 1991ರಲ್ಲಿ ಕಂಪನಿ ಮುಚ್ಚಿತು. ಹೆಸರಿರುವವರು ಹೆಸರನ್ನು, ವಕೀಲರು ವಿದ್ಯೆಯನ್ನು, ಊರವರು ಮೈಬೆವರನ್ನು ಕೊಟ್ಟಾಗ ಏನಾಗಬಲ್ಲದೆಂದು ನಾಡು ಅಂದು ಕಂಡಿತು.

ಬೆಂಗಳೂರಿನ ಪಕ್ಕದ ಹೆಸರಘಟ್ಟದ ಕಥೆ ಬೇರೆ. ಅದು ಹುಲ್ಲುಗಾವಲು. ಹುಲ್ಲು ಕಂಡರೆ ಬಂಜರು ಎನ್ನುವ ಅಭ್ಯಾಸ ನಮ್ಮದು. ಅಂಥ ನೆಲಕ್ಕೆ ಸಸಿ ತುಂಬಿದರೆ ಹುಲ್ಲನ್ನೇ ನಂಬಿದ ಹಕ್ಕಿಗಳೂ ಕುರಿದನಗಳೂ ನೆಲೆ ಕಳೆದುಕೊಳ್ಳುತ್ತವೆ. ಚಿತ್ರನಗರಿಯ ಪ್ರಸ್ತಾವ ಬಂದಾಗ ಇದು ಖಾಲಿ ಜಾಗವಲ್ಲ ಎಂದು ತೋರಿಸಲು ಒದಗಿದ್ದು ಪಕ್ಷಿವೀಕ್ಷಕರು ವರ್ಷಗಟ್ಟಲೆ ಬರೆದಿಟ್ಟ ಪಟ್ಟಿಗಳು. 2024ರಲ್ಲಿ ಅಲ್ಲಿನ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ಸರ್ಕಾರ ಒಪ್ಪಿತು. ಸುತ್ತಲಿನ ಹಳ್ಳಿಗರಲ್ಲಿ ಮಾತ್ರ ತಮ್ಮ ಓಡಾಟಕ್ಕೆ, ಮೇವಿಗೆ ಕುತ್ತು ಬಂದೀತೆಂಬ ಅಳುಕಿತ್ತು. ಅವರ ಜಗಲಿಯಲ್ಲಿ ಕುಳಿತು ಕಾನೂನು ಬಿಡಿಸಿ ಹೇಳುವ ಕೆಲಸಕ್ಕೆ ನಗರದ ಪರಿಸರಪ್ರಿಯರು ಇನ್ನಷ್ಟು ಹೊತ್ತು ಕೊಡಬೇಕು.

ಹಣವೂ ಬೇಕು, ಮುಚ್ಚುಮರೆಯೇಕೆ? ದೃಢೀಕೃತ ನಕಲು, ಕೋರ್ಟಿನ ಖರ್ಚು, ಬಸ್ ಚಾರ್ಜು, ಬೇಸಿಗೆಯಲ್ಲಿ ಬೆಂಕಿ ಕಾಯುವವರ ಕೂಲಿ: ಇವು ಫೋಟೊಗೆ ಒಗ್ಗುವ ಖರ್ಚುಗಳಲ್ಲ, ಹಾಗಾಗಿ ಪ್ರಾಯೋಜಕರು ಸಿಗುವುದಿಲ್ಲ. ತಿಂಗಳಿಗೆ ನೂರಿನ್ನೂರು ರೂಪಾಯಿಯನ್ನು ತಪ್ಪದೆ ಕೊಡುವ ಐವತ್ತು ಮನೆಗಳಿದ್ದರೆ ಸಣ್ಣ ಬಳಗವೊಂದು ಉಸಿರಾಡುತ್ತದೆ.

ಹಣವಿಲ್ಲದೆ ಮಾಡಬಹುದಾದ ಕೆಲಸವೂ ಒಂದಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಕೊಟ್ಟಾಗ ದೇಶದ ಹಲವೆಡೆ ಸಮಿತಿಗಳೂ ಅವು ಬರೆಯಬೇಕಾದ ಜೀವವೈವಿಧ್ಯ ದಾಖಲಾತಿಗಳೂ ಆತುರದಲ್ಲಿ ಎದ್ದವು. ನಿಮ್ಮ ಪಂಚಾಯಿತಿಯ ಸಮಿತಿಯಲ್ಲಿ ಯಾರಿದ್ದಾರೆ, ಅದು ಕೊನೆಗೆ ಸೇರಿದ್ದು ಯಾವಾಗ, ದಾಖಲಾತಿಯಲ್ಲಿ ಗೋಮಾಳದ ಸರ್ವೆ ನಂಬರ್ ಇದೆಯೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.