ಎರವಲು ಚೆಲುವು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವರು ಇಂದು ಇದ್ದಿದ್ದರೆ ಗಾದೆಗೆ ಇನ್ನೊಂದು ತುಂಡನ್ನು ಸೇರಿಸುತ್ತಿದ್ದರು: ಮನೆಗೆ ಅಲಂಕಾರ ಮಾಡಿಸಿ ನೋಡು. ಕಟ್ಟುವ ಕಷ್ಟ ಕಂತ್ರಾಟುದಾರನ ಜೊತೆಗೆ ಮುಗಿಯುತ್ತದೆ. ಮದುವೆಯ ಕಷ್ಟ ಸಾಲ ತೀರಿದಾಗ ಮುಗಿಯುತ್ತದೆ. ಅಲಂಕಾರದ ಕಷ್ಟ ಮಾತ್ರ ಆ ಮನೆಯಲ್ಲಿ ವಾಸ ಮಾಡುವಷ್ಟು ಕಾಲವೂ ಇರುತ್ತದೆ.

ಈಚೆಗೆ ಬೆಂಗಳೂರಿನಲ್ಲಿ ಮೂರು ಗೃಹಪ್ರವೇಶಗಳಿಗೆ ಹೋಗಿಬಂದೆ. ಒಬ್ಬರು ಬ್ಯಾಂಕಿನ ಅಧಿಕಾರಿ, ಒಬ್ಬರು ವೈದ್ಯರು, ಮತ್ತೊಬ್ಬ ನನ್ನ ಹಳೆಯ ವಿದ್ಯಾರ್ಥಿ, ಈಗ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವವನು. ಊರು ಬೇರೆ, ಜಾತಿ ಬೇರೆ, ವಯಸ್ಸು ಬೇರೆ, ಸಂಬಳವೂ ಬೇರೆ. ಆದರೆ ಮೂರೂ ಮನೆಗಳಲ್ಲಿ ಬಾಗಿಲು ದಾಟಿದೊಡನೆ ನೀರಿನಲ್ಲಿ ಹೂವಿನ ಎಸಳು ತೇಲಿಸಿದ ಹಿತ್ತಾಳೆಯ ಉರುಳಿ. ಅದರ ಹಿಂದೆ ಕಣ್ಣು ಮುಚ್ಚಿದ ಬುದ್ಧನ ತಲೆ. ತಲೆ ಮಾತ್ರ, ಉಳಿದ ಬುದ್ಧನಿಗೆ ಜಾಗವಿರಲಿಲ್ಲ. ಟಿವಿಯ ಹಿಂದೆ ಇಟ್ಟಿಗೆಯಂತೆ ಕಾಣುವ, ಇಟ್ಟಿಗೆಯಲ್ಲದ ಕಾಗದ. ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಹುಲ್ಲು. ಸೂರಿನ ಕೆಳಗೆ ಇನ್ನೊಂದು ಸುಳ್ಳು ಸೂರು, ಅದರ ಅಂಚಿನಲ್ಲಿ ಅವಿತ ದೀಪಗಳು. ಮೂರನೆಯ ಮನೆಯಲ್ಲಿ ಊಟವಾದ ಮೇಲೆ ಕೈ ತೊಳೆಯುವ ಜಾಗ ಎಲ್ಲಿ ಎಂದು ಯಾರನ್ನೂ ಕೇಳದೆ ಎದ್ದು ಹೋದೆ. ಉಳಿದ ಎರಡು ಮನೆಗಳಲ್ಲಿ ಎಲ್ಲಿತ್ತೋ ಇಲ್ಲಿಯೂ ಅಲ್ಲೇ ಇತ್ತು.

ಮೂವರು ಯಜಮಾನರೂ ನನಗೆ ಹೇಳಿದ್ದು ಒಂದೇ ಮಾತು: “ಎಲ್ಲವೂ ನಮ್ಮದೇ ಅಭಿರುಚಿ, ಮೇಷ್ಟ್ರೆ.”

ನನಗೆ ಜಗಳವಿರುವುದು ಈ ಮಾತಿನೊಡನೆ. ಉರುಳಿಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಕೇರಳದವರು ಅದರಲ್ಲಿ ಪಾಯಸ ಕಾಯಿಸುತ್ತಾರೆ, ಬಹಳ ಚೆನ್ನಾಗಿರುತ್ತದೆ. ಆದರೆ ಪಾಯಸ ಕಾಣದ ಉರುಳಿ, ಧ್ಯಾನ ಕಾಣದ ಬುದ್ಧ, ಓದು ಕಾಣದ ಪುಸ್ತಕ, ಇವುಗಳನ್ನು ಸಾಲಾಗಿ ಇಟ್ಟು ಅದಕ್ಕೆ ‘ಸ್ವಂತ ಸ್ಫೂರ್ತಿ’ ಎಂದು ಹೆಸರಿಡುವುದಾದರೆ, ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವ ನನ್ನಂಥವನು ಸುಮ್ಮನಿರುವುದು ಹೇಗೆ? ಸ್ಫೂರ್ತಿ ಎಂಬುದು ಸ್ಫುರಿಸುವಂಥದು. ಒಳಗಿನಿಂದ ಮಿಡಿಯುವಂಥದು. ಅದನ್ನು ಫೋನಿನ ಪರದೆಯ ಮೇಲೆ ಬೆರಳಿನಿಂದ ಜಾರಿಸುತ್ತ ಜಾರಿಸುತ್ತ ಆರಿಸಿಕೊಳ್ಳುವುದಕ್ಕೆ ಬೇರೆ ಹೆಸರಿದೆ. ಅದಕ್ಕೆ ನಕಲು ಎನ್ನುತ್ತಾರೆ. ಪರೀಕ್ಷೆಯ ಕೊಠಡಿಯಲ್ಲಿ ಮಾಡಿದರೆ ಹೊರಗೆ ಕಳಿಸುತ್ತೇವೆ.

ನಾನು ಮೇಲೆ ನಿಂತು ಕಲ್ಲು ಎಸೆಯುತ್ತಿಲ್ಲ. ನಕಲು ಮಾಡಿ ಸಿಕ್ಕಿಬಿದ್ದವರಲ್ಲಿ ನಾನೂ ಒಬ್ಬ. ನಾವು ಎರಡು ಕೋಣೆಯ ಫ್ಲ್ಯಾಟು ಕೊಂಡಾಗ ಅಲಂಕಾರದ ಸಂಸ್ಥೆಯೊಂದರಿಂದ ಒಬ್ಬ ತರುಣ ಬಂದ. ವಿನಯವಂತ, ಕೆಲಸದಲ್ಲಿ ಚುರುಕು. “ಸರ್, ನಿಮ್ಮ ಇನ್‌ಸ್ಪಿರೇಷನ್ ಏನು?” ಎಂದು ಕೇಳಿದ. ಇಪ್ಪತ್ತು ವರ್ಷ ಪಾಠ ಹೇಳಿದ ನಾಲಗೆ ಅಂದು ತೊದಲಿತು. ನಾನು ಫೋನು ತೆಗೆದು ಯಾರು ಯಾರದೋ ಮನೆಗಳ ಹತ್ತು ಚಿತ್ರ ತೋರಿಸಿದೆ. ಅವನು ತನ್ನ ಫೋನು ತೆಗೆದು ಹೆಚ್ಚುಕಡಮೆ ಅವೇ ಹತ್ತು ಚಿತ್ರ ತೋರಿಸಿದ. “ನಮ್ಮಿಬ್ಬರ ಟೇಸ್ಟೂ ಒಂದೇ ಸರ್” ಎಂದು ಸಂತೋಷಪಟ್ಟ. ನಾನೂ ಸಂತೋಷಪಟ್ಟೆ.

ಪುಸ್ತಕದ ಕಪಾಟು ಸಿದ್ಧವಾದ ದಿನ ನಾನು ಕಾಲೇಜಿನಲ್ಲಿದ್ದೆ. ಸಂಜೆ ಬಂದು ನೋಡುತ್ತೇನೆ, ಪುಸ್ತಕಗಳನ್ನೆಲ್ಲ ಬಣ್ಣದ ಪ್ರಕಾರ ಜೋಡಿಸಿಟ್ಟಿದ್ದಾರೆ. ವಿಕ್ರಮಾರ್ಜುನ ವಿಜಯ ಹಸುರಿನವರ ಪಂಕ್ತಿಯಲ್ಲಿ, ಆದಿಪುರಾಣ ಕೆಂಪಿನವರ ಪಂಕ್ತಿಯಲ್ಲಿ. ಪಂಪನಂಥ ಪಂಪನೇ ಎರಡು ಗೋಡೆಗೆ ಪಾಲಾಗಿದ್ದ. ಬೆನ್ನು ಹರಿದ ಹಳೆಯ ಪುಸ್ತಕಗಳನ್ನು ಬೆನ್ನು ಗೋಡೆಯ ಕಡೆಗೆ, ಹಾಳೆಯ ಅಂಚು ಹೊರಗೆ ಬರುವಂತೆ ತಿರುಗಿಸಿ ಇಟ್ಟಿದ್ದರು. “ಹಾಗಿಟ್ಟರೆ ನೀಟಾಗಿ ಕಾಣುತ್ತದೆ ಸರ್.” ನಾನು ಹೆಚ್ಚು ಓದಿದ ಪುಸ್ತಕಗಳು ಅವೇ. ಹೆಚ್ಚು ಓದಿದ್ದರಿಂದಲೇ ಅವುಗಳ ಬೆನ್ನು ಹರಿದದ್ದು.

ಈ ಅಲಂಕಾರದ ಗುಟ್ಟು ನನಗೆ ಅಂದು ತಿಳಿಯಿತು. ಬಳಸಿದ ಗುರುತೇ ಇಲ್ಲಿ ಅಪರಾಧ. ಮನೆಯಲ್ಲಿ ಜನ ಬದುಕುತ್ತಿದ್ದಾರೆಂಬುದನ್ನು ಬಚ್ಚಿಡುವುದೇ ಈ ಕಲೆಯ ಗುರಿ.

ಅದಾದ ತಿಂಗಳಿಗೆ ಹಾವೇರಿ ಜಿಲ್ಲೆಯ ನಮ್ಮೂರಿನಿಂದ ಅವ್ವ ಬಂದಳು. ಎಲ್ಲ ಕೋಣೆಗಳನ್ನೂ ಒಂದು ಸುತ್ತು ನೋಡಿ, “ಚಲೋ ಐತಿ ತಮ್ಮಾ. ಕುಂದರೂದು ಎಲ್ಲಿ?” ಎಂದಳು. ತಗ್ಗಿನ ಸೋಫಾದಲ್ಲಿ ಕುಳಿತರೆ ಅವಳಿಗೆ ಏಳಲಾಗದು. ಎತ್ತರದ ಸ್ಟೂಲಿನ ಮೇಲೆ ಹತ್ತಲಾಗದು. ನೆಲದ ಮೇಲೆ ಕೂರೋಣವೆಂದರೆ ಕಿಟಕಿಯ ಬೆಳಕು ಬೀಳುವ ಒಂದೇ ಜಾಗದಲ್ಲಿ ಪಿಂಗಾಣಿಯ ದೊಡ್ಡ ಹೂಜಿ ನಿಂತಿತ್ತು. ಅವಳು ನಮಗಾಗಿ ಒಂದು ಕೌದಿ ತಂದಿದ್ದಳು. ತೀರಿಹೋದ ನಮ್ಮ ಅಪ್ಪನ ಧೋತರ, ತನ್ನ ಇಳಕಲ್ ಸೀರೆ, ನನ್ನ ತಂಗಿಯ ಲಂಗ, ಇವುಗಳ ತುಂಡುಗಳನ್ನು ಪದರ ಪದರವಾಗಿ ಇಟ್ಟು ಹೊಲಿದದ್ದು. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ರೊಟ್ಟಿಯ ಚೂರೊಂದನ್ನು ಒಳಗಿಟ್ಟು ಹೊಲಿಯುವುದು ಅವಳ ಪದ್ಧತಿ. ಕೌದಿ ಹಸಿದಿರಬಾರದಂತೆ.

ಆ ಕೌದಿ ನಮ್ಮ ಗೋಡೆಯ ಬೂದಿ ಬಣ್ಣಕ್ಕೆ ಹೊಂದಲಿಲ್ಲ. ನಾನೇ ಅದನ್ನು ಮಡಿಸಿ ಅಟ್ಟದ ಮೇಲಿಟ್ಟೆ. ಅವ್ವ ನೋಡಿದಳು, ಏನೂ ಅನ್ನಲಿಲ್ಲ. ಹದಿನೆಂಟು ದಿನವಿದ್ದು ಊರಿಗೆ ಹೊರಟಳು. ಮುಂದಿನ ತಿಂಗಳು ನಾನೂ ನನ್ನ ಹೆಂಡತಿಯೂ ಗೃಹಾಲಂಕಾರದ ಅಂಗಡಿಯೊಂದಕ್ಕೆ ಹೋದಾಗ, ಅಲ್ಲಿ ಗೋಡೆಯ ಮೇಲೆ ವಿಶೇಷ ದೀಪದ ಬೆಳಕಿನಲ್ಲಿ ಒಂದು ಕೌದಿ ತೂಗುತ್ತಿತ್ತು. ಯಾವ ತಾಯಿಯ ಸೀರೆಯೋ, ಯಾವ ತಂದೆಯ ಧೋತರವೋ. ನಾನು ಅದರ ಬೆಲೆ ಕೇಳಿದೆ! ಹೆಂಡತಿ ಮೊಣಕೈಯಿಂದ ತಿವಿಯದೆ ಹೋಗಿದ್ದರೆ ಕೊಂಡೂಬಿಡುತ್ತಿದ್ದೆನೋ ಏನೋ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ವಿವರಿಸಿಲ್ಲ!

ಅಲಂಕಾರವೆಂದರೆ ಏನು ಎಂಬುದನ್ನು ನಮ್ಮವರು ಕಾವ್ಯದ ವಿಷಯದಲ್ಲಿ ಸಾವಿರ ವರ್ಷಕ್ಕೂ ಹಿಂದೆಯೇ ಕೂಲಂಕಷವಾಗಿ ಚರ್ಚಿಸಿದ್ದಾರೆ. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ, 9ನೆಯ ಶತಮಾನದ ಕವಿರಾಜಮಾರ್ಗ, ಅಲಂಕಾರಶಾಸ್ತ್ರದ ಗ್ರಂಥವೇ ಆಗಿದೆ. ಅದೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದಲ್ಲಿ ಒಂದು ಮಾತು ಹೇಳಿದ್ದಾನೆ: ಬೇರೆ ಪ್ರಯತ್ನವಿಲ್ಲದೆ, ರಸದ ಜೊತೆಯಲ್ಲಿಯೇ ತಾನಾಗಿ ಹುಟ್ಟಿ ಬಂದದ್ದೇ ನಿಜವಾದ ಅಲಂಕಾರ. 11ನೆಯ ಶತಮಾನದ ಕ್ಷೇಮೇಂದ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೊಂಟದ ಡಾಬನ್ನು ಕೊರಳಿಗೂ ಕೊರಳಿನ ಹಾರವನ್ನು ಸೊಂಟಕ್ಕೂ ಹಾಕಿಕೊಂಡವರನ್ನು ಕಂಡು ಯಾರು ನಗುವುದಿಲ್ಲ ಎಂದು ಕೇಳಿದ. ಹಾರ ಸುಂದರವೇ, ಡಾಬೂ ಸುಂದರವೇ. ಇರಬೇಕಾದಲ್ಲಿ ಇಲ್ಲದಿದ್ದರೆ ಎರಡೂ ನಗೆಪಾಟಲು. ಔಚಿತ್ಯವೆಂಬ ಈ ತತ್ವವನ್ನು ಇವತ್ತಿನ ನಮ್ಮ ನಡುಮನೆಗಳಿಗೆ ಅನ್ವಯಿಸಿ ನೋಡಬೇಕು.

ಶಾಸ್ತ್ರ ಓದದವರಿಗೂ ಈ ತತ್ವ ತಿಳಿದಿತ್ತೆಂಬುದಕ್ಕೆ ಸಾಕ್ಷಿ ದೂರವಿಲ್ಲ. ಧಾರವಾಡದ ಕಡೆಯ ಕಸೂತಿಯನ್ನು ನೋಡಿ. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ ಹೊಲಿಯುವ ಕೆಲಸ. ಅದರಲ್ಲಿ ಮೂಡಿರುವುದೇನು? ಗೋಪುರ, ತೇರು, ತೊಟ್ಟಿಲು, ಆನೆ, ತುಳಸಿಕಟ್ಟೆ. ಆ ಹೆಣ್ಣುಮಕ್ಕಳು ಸ್ಫೂರ್ತಿಯನ್ನು ಹುಡುಕಿಕೊಂಡು ಎಲ್ಲಿಗೂ ಹೋಗಲಿಲ್ಲ. ಅಂಗಳದಲ್ಲಿ ತುಳಸಿ, ಬೀದಿಯಲ್ಲಿ ತೇರು, ಮನೆಯೊಳಗೆ ತೊಟ್ಟಿಲು, ಕಂಡದ್ದನ್ನು ಹೊಲಿದರು. ಇನ್ನು ಸಾಗರ, ಸೊರಬದ ಕಡೆಯ ದೀವರ ಹೆಂಗಸರ ಹಸೆಚಿತ್ತಾರ. ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದು ಕರಿಕಾದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಮನೆಯಲ್ಲಿ ಮದುವೆ ಬಂದಾಗ ಗೋಡೆಯ ಮೇಲೆ ಅದು ಮೂಡುತ್ತದೆ. ಮದುಮಕ್ಕಳು ಅದರ ಮುಂದೆ ಹಸೆಯಲ್ಲಿ ಕೂರುತ್ತಾರೆ. ಮದುವೆಯಿಲ್ಲದೆ ಆ ಚಿತ್ರಕ್ಕೆ ಅರ್ಥವಿಲ್ಲ. ಆ ಚಿತ್ರವಿಲ್ಲದೆ ಮದುವೆ ತುಂಬುವುದಿಲ್ಲ. ಈಗ ಅದೇ ಚಿತ್ತಾರವನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚುಹಾಕಿ, ಚದರಡಿಯ ಲೆಕ್ಕದಲ್ಲಿ ಷೂ ಕಪಾಟಿನ ಬಾಗಿಲಿಗೆ ಅಂಟಿಸುತ್ತೇವೆ. ಕ್ಷೇಮೇಂದ್ರನ ಡಾಬು ಕೊರಳಿಗೆ ಬಂದದ್ದು ಹೀಗೆ.

ಇಲ್ಲಿಗೆ ಮೂರು ಆಕ್ಷೇಪಣೆಗಳು ಏಳುತ್ತವೆ. ಅವುಗಳಿಗೆ ಉತ್ತರ ಹೇಳದೆ ತಪ್ಪಿಸಿಕೊಳ್ಳುವುದು ನ್ಯಾಯವಲ್ಲ.

ಮೊದಲನೆಯದು: “ಹಾಗಾದರೆ ಹಳೆಯ ಮನೆಗಳೇ ಸ್ವರ್ಗವೇನು?” ಅಲ್ಲ. ಆ ಮನೆಗಳ ಅಡಿಗೆಕೋಣೆಯ ಹೊಗೆಯಲ್ಲಿ ನಮ್ಮ ಅವ್ವನ ಕಣ್ಣು ಹಾಳಾಯಿತು. ಬೀಸುಕಲ್ಲು ತಿರುಗಿಸಿ ತಿರುಗಿಸಿ ಅವಳ ಭುಜದ ಕೀಲು ಸವೆಯಿತು. ಆ ಕಲ್ಲು ತೊಲಗಿ ಗಿರಣಿ ಬಂದದ್ದು ಒಳ್ಳೆಯದೇ ಆಯಿತು. ನನಗೆ ಹೇಸಿಗೆಯಾಗುವುದು ಬೇರೆ ಕಾರಣಕ್ಕೆ. ಬೀಸುವ ಕಷ್ಟ ಏನೆಂದು ತಿಳಿಯದವರು ಅಂಥ ಕಲ್ಲನ್ನು ದುಡ್ಡು ಕೊಟ್ಟು ತಂದು, ಅದರ ಮೇಲೆ ಹೂಕುಂಡ ಇಟ್ಟು, “ಎಷ್ಟು ಸೊಗಸು!” ಎಂದು ಚಪ್ಪರಿಸುತ್ತಾರಲ್ಲ, ಅದಕ್ಕೆ. ಒಬ್ಬಳ ಬೆವರು ಇನ್ನೊಬ್ಬಳ ಶೋಕಿಯಾಗಬಾರದು.

ಎರಡನೆಯದು: “ನಮ್ಮಜ್ಜಂದಿರ ಮನೆಗಳೂ ಒಂದೇ ತರಹ ಇರಲಿಲ್ಲವೇ? ಎಲ್ಲ ಗೋಡೆಗಳ ಮೇಲೂ ಅದೇ ಲಕ್ಷ್ಮಿ, ಅದೇ ಸರಸ್ವತಿ.” ಸತ್ಯ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಆ ದೇವತೆಗಳು ಅಚ್ಚಾಗಿ ಸಾಮಾನ್ಯರ ಮನೆಗೂ ಬಂದರು. ಚಿತ್ರ ಒಂದೇ ಆಗಿತ್ತು, ನಿಜ. ಆದರೆ ಒಬ್ಬರ ಮನೆಯ ಲಕ್ಷ್ಮಿಗೆ ಅಜ್ಜಿ ದಿನವೂ ಇಟ್ಟ ಕುಂಕುಮದಿಂದ ಗಾಜು ಕೆಂಪಾಗಿರುತ್ತಿತ್ತು. ಇನ್ನೊಬ್ಬರ ಮನೆಯ ಪಟದ ಹಿಂದೆ ಸಾಲದ ಪತ್ರ, ಮಕ್ಕಳ ಜಾತಕ, ಎರಡು ಹತ್ತು ರೂಪಾಯಿ ನೋಟು. ಅಚ್ಚಿನಿಂದ ಬಂದದ್ದನ್ನು ಬಳಕೆ ಬೇರೆ ಬೇರೆ ಮಾಡಿತು. ಅಂಗಡಿಯಿಂದ ತಂದದ್ದು ಎಂಬುದು ದೋಷವಲ್ಲ. ತಂದ ಮೇಲೆ ಮುಟ್ಟದೆ ಇಡುವುದು ದೋಷ.

ಮೂರನೆಯದು: “ನಾವು ಕೊಳ್ಳದಿದ್ದರೆ ಕುಶಲಕರ್ಮಿಗಳ ಗತಿ?” ಕೊಳ್ಳಿ, ಧಾರಾಳವಾಗಿ ಕೊಳ್ಳಿ. ಚನ್ನಪಟ್ಟಣದ ಗೊಂಬೆ ಕೊಂಡರೆ ಅದನ್ನು ಮಗುವಿನ ಕೈಗೆ ಕೊಡಿ. ಆಲೆಮರವನ್ನು ಕಡೆದು, ಅರಗಿನ ಬಣ್ಣ ಏರಿಸಿ, ನುಣುಪು ಮಾಡಿದವನು ಅದನ್ನು ಎಳೆಯ ಕೈಗಾಗಿ ಮಾಡಿದ. ಅದನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿ, ಮಗುವಿಗೆ ಮೊಬೈಲು ಕೊಡುವುದು ಆ ಕೈಕೆಲಸಕ್ಕೆ ಮಾಡುವ ಸನ್ಮಾನವಲ್ಲ.

ಈ ರೋಗ ನಮ್ಮದೊಂದೇ ಅಲ್ಲವೆಂಬುದೂ ನಿಜ. ವಿಯೆನ್ನಾ ನಗರದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ 1900ರಲ್ಲಿ ಒಬ್ಬ ಬಡ ಶ್ರೀಮಂತನ ಕಥೆ ಬರೆದ. ಆ ಶ್ರೀಮಂತ ತನ್ನ ಮನೆಯನ್ನು ಒಬ್ಬ ಕಲಾವಂತ ಶಿಲ್ಪಿಯ ಕೈಗೆ ಒಪ್ಪಿಸುತ್ತಾನೆ. ಶಿಲ್ಪಿ ಎಲ್ಲವನ್ನೂ ತೀರ್ಮಾನಿಸುತ್ತಾನೆ, ಕಾಲಿನ ಚಪ್ಪಲಿಯನ್ನೂ ಸೇರಿಸಿ. ಮಲಗುವ ಕೋಣೆಯ ಚಪ್ಪಲಿಯನ್ನು ಬೇರೆ ಕೋಣೆಯಲ್ಲಿ ಮೆಟ್ಟಿದ್ದಕ್ಕೆ ಯಜಮಾನನನ್ನೇ ಗದರುತ್ತಾನೆ. ಹುಟ್ಟುಹಬ್ಬಕ್ಕೆ ಹೆಂಡತಿ ಮಕ್ಕಳು ಕೊಟ್ಟ ಉಡುಗೊರೆಗಳಿಗೆ ಆ ಮನೆಯಲ್ಲಿ ಜಾಗವೇ ಇಲ್ಲ. ನನ್ನನ್ನು ಕೇಳದೆ ಉಡುಗೊರೆ ಪಡೆಯಲು ನೀನು ಯಾರು ಎನ್ನುತ್ತಾನೆ ಶಿಲ್ಪಿ. ಮನೆ ಸಂಪೂರ್ಣವಾಗಿತ್ತು, ಆದ್ದರಿಂದ ಯಜಮಾನನ ಬದುಕೂ ಅಲ್ಲಿಗೆ ಮುಗಿದಿತ್ತು. ನೂರಿಪ್ಪತ್ತೈದು ವರ್ಷಗಳ ಮೇಲೆ ಆ ಕಥೆಯನ್ನು ಓದಿದಾಗ ನನಗೆ ಅಟ್ಟದ ಮೇಲಿನ ಕೌದಿ ನೆನಪಾಯಿತು.

ಹಾಗಾದರೆ ಮಾಡಬೇಕಾದದ್ದೇನು? ಹೊಸ ಮನೆಗೆ ಹೋದವರು ಮೊದಲು ಒಂದು ತಿಂಗಳು ಏನನ್ನೂ ಕೊಳ್ಳದೆ ಇರಿ. ಖಾಲಿ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕುಳಿತು ನೋಡಿ. ಬೆಳಗಿನ ಬಿಸಿಲು ಎಲ್ಲಿಗೆ ಬರುತ್ತದೆ, ಮಗು ಎಲ್ಲಿ ಕುಳಿತು ಬರೆಯುತ್ತದೆ, ಮುದುಕರು ಎಲ್ಲಿ ಕೈ ಊರಿ ಏಳುತ್ತಾರೆ, ಮನೆಯಾಕೆ ಕೆಲಸ ಮುಗಿಸಿ ಒಂದು ಗಳಿಗೆ ಎಲ್ಲಿ ಒರಗುತ್ತಾಳೆ. ಅವಳಿಗೆ ಒರಗುವ ಜಾಗವೇ ಇಲ್ಲವೆಂದು ಕಂಡರೆ ಅದು ಮೊದಲ ಖರ್ಚಾಗಲಿ. ಆಮೇಲೆ ಮನೆಯ ಒಬ್ಬೊಬ್ಬರೂ ತಮಗೆ ಬೇಕೆನಿಸಿದ ಒಂದೊಂದು ವಸ್ತುವನ್ನು ತಂದಿಡಲಿ. ಬಣ್ಣ ಹೊಂದದಿದ್ದರೆ ಹೊಂದದಿರಲಿ. ಒಂದೇ ಮನೆಯ ನಾಲ್ಕು ಜನರ ಸ್ವಭಾವ ಹೊಂದುವುದೇ ಅಪರೂಪವಾಗಿರುವಾಗ, ದಿಂಬಿನ ಚೀಲಗಳು ಹೊಂದಿ ಆಗಬೇಕಾದದ್ದೇನು?

ನಮ್ಮ ಮನೆಯಲ್ಲಿ ಈಗ ಪುಸ್ತಕಗಳು ಬೆನ್ನು ತೋರಿಸುತ್ತಿವೆ, ಹರಿದ ಬೆನ್ನನ್ನೇ. ಪಂಪ ಒಂದೇ ಕಡೆ ಇದ್ದಾನೆ. ಪಿಂಗಾಣಿಯ ಹೂಜಿಯನ್ನು ಒಬ್ಬ ಬಂಧುವಿನ ಗೃಹಪ್ರವೇಶಕ್ಕೆ ಕೊಟ್ಟುಬಿಟ್ಟೆ. ಅವರಿಗೆ ಬಹಳ ಸಂತೋಷವಾಯಿತು. ಅದು ನಿಂತಿದ್ದ ಕಿಟಕಿಯ ಬಳಿ ಕೈಯಿರುವ ಒಂದು ಗಟ್ಟಿ ಮರದ ಕುರ್ಚಿ, ಅದರ ಮೇಲೆ ಕೌದಿ. ಬೂದಿ ಬಣ್ಣದ ಗೋಡೆಯ ಮುಂದೆ ಅದು ಈಗಲೂ ಹೊಂದುವುದಿಲ್ಲ. ಬಂದವರಲ್ಲಿ ಕೆಲವರು ಅದನ್ನು ನೋಡಿ, ಎಲ್ಲಿ ಕೊಂಡಿರಿ ಎಂದು ಕೇಳುತ್ತಾರೆ. ದೀಪಾವಳಿಗೆ ಬರುವಂತೆ ಅವ್ವನಿಗೆ ಹೇಳಿಕಳಿಸಿದ್ದೇನೆ. “ನೋಡೂಣು” ಎಂದಿದ್ದಾಳೆ.