ಅಳಿಯಂದಿರು ಓಡ್ತಾರಂತೆ

ಈ ಸಲ ಶುಂಠಿ ಕೊಳೆ ರೋಗದ ಬಗ್ಗೆ ಅಲ್ಲ, ಜೋಳದ ಲದ್ದಿಹುಳದ ಬಗ್ಗೆಯೂ ಅಲ್ಲ. ಓಟದ ಬಗ್ಗೆ ಬರೀತೀನಿ. ನಗೋರು ಪೂರ್ತಿ ಓದಿ ಆಮೇಲೆ ನಗಿ.

2024ರ ಯುಗಾದಿ ಕಳೆದ ಮೇಲೆ ನಾವು ಅರಸೀಕೆರೆ ಕಡೆಯಿಂದ ಹಳೇಬೀಡು ಹತ್ತಿರಕ್ಕೆ ಬಂದ್ವಿ. ಮಾವ ತೀರಿಕೊಂಡಿದ್ರು, ಅತ್ತೆ ಒಬ್ಬರೇ, ನಾಲ್ಕು ಎಕರೆ ಪಾಳು ಬೀಳೋ ಹಾಗಿತ್ತು. ಅಲ್ಲಿ ನಮ್ಮ ತೆಂಗಿನ ತೋಟವನ್ನ ತಮ್ಮನಿಗೆ ಒಪ್ಪಿಸಿ ಬಂದೆ. ಪಕ್ಕಪಕ್ಕದ ತಾಲ್ಲೂಕು, ಒಂದೇ ಜಿಲ್ಲೆ, ಇದೇನು ವಲಸೆ ಅಂತ ಕೇಳಬಹುದು. ನನಗೂ ಹಾಗೇ ಅನ್ನಿಸಿತ್ತು. ತೋಟದ ಕೆಲಸ ಮೂರು ತಿಂಗಳಲ್ಲಿ ಕೈಗೆ ಹತ್ತಿತು. ಎಂಟು ವರ್ಷದಿಂದ ಬಿಡದೆ ಇದ್ದ ಬೆಳಗಿನ ಓಟ ಮಾತ್ರ ಒಂದೂವರೆ ವರ್ಷ ಹಳಿಗೆ ಬರಲಿಲ್ಲ.

ಅರಸೀಕೆರೆಯಲ್ಲಿ ನನಗೆ ವಾಚ್ ಬೇಕಿರಲಿಲ್ಲ. ಜಂಕ್ಷನ್ನು ಅಲ್ವಾ, ಹುಬ್ಬಳ್ಳಿ ಕಡೆಯದೊಂದು ಹಳಿ, ಬೆಂಗಳೂರು ಕಡೆಯದೊಂದು, ಹಾಸನಕ್ಕೊಂದು. ಯಾವುದೋ ಗಾಡಿ ಕೂಗಿದ್ರೆ ಎದ್ದೆ, ಇನ್ಯಾವುದೋ ಗಾಡಿ ದಾಟೋ ಹೊತ್ತಿಗೆ ಕೆರೆ ಏರಿ ಮುಗಿಸಿ ವಾಪಸ್ ತಿರುಗಿದ್ದೆ. ದಾರಿ ಮಟ್ಟ. ಅಕ್ಕಪಕ್ಕ ತೆಂಗು. ವರ್ಷದಲ್ಲಿ ಮುಕ್ಕಾಲು ಪಾಲು ದಿನ ನೆಲ ಒಣಗಿರ್ತಿತ್ತು. ಐದು ಕಿಲೋಮೀಟರ್, ಮೂವತ್ತಮೂರು ನಿಮಿಷ, ಮನೆಗೆ ಬಂದು ಕಾಫಿ. ಇದು ನನ್ನ ಶಿಸ್ತು ಅಂತ ಎಂಟು ವರ್ಷ ಬೀಗಿದ್ದೆ. ಇಲ್ಲಿಗೆ ಬಂದ ಮೇಲೆ ಗೊತ್ತಾಯ್ತು, ಅದರಲ್ಲಿ ನನ್ನ ಪಾಲು ಅರ್ಧ. ಮಿಕ್ಕಿದ್ದು ಆ ಏರಿದು, ಆ ಗಾಡಿ ಕೂಗಿದ್ದು, ನನ್ನ ಜೊತೆ ಅರ್ಧ ದಾರಿ ನಡೀತಿದ್ದ ಇಬ್ಬರು ಮೇಷ್ಟ್ರುಗಳದ್ದು.

ಇಲ್ಲಿ ಮೊದಲ ತೊಡಕು ನೆಲ. ಅರಸೀಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರ, ಬೇಲೂರು 970ರ ಆಸುಪಾಸು. ನಾವಿರೋದು ಎರಡರ ನಡುವಿನ ಏರುಪೇರಲ್ಲಿ. ಮನೆಯಿಂದ ಹೊರಟ್ರೆ ಇಳಿಜಾರು, ಬರೋವಾಗ ಏರು. ಮೊದಲ ವಾರ ಹಳೆ ವೇಗದಲ್ಲೇ ಇಳಿದೆ. ಉಸಿರಿಗೆ ಏನೂ ತೊಂದರೆ ಇಲ್ಲ, ಆದ್ರೆ ಎಂಟನೇ ದಿನ ಮಂಡಿ ಮಡಚೋಕೆ ಆಗಲಿಲ್ಲ. ಹಾಲು ಕರೆಯೋಕೆ ಕುಕ್ಕರುಗಾಲಲ್ಲಿ ಕೂತವನು ಏಳೋಕೆ ಅತ್ತೆ ಕೈ ಕೊಡಬೇಕಾಯ್ತು. ಅಳಿಯನಾದವನಿಗೆ ಅದಕ್ಕಿಂತ ನಾಚಿಕೆ ಬೇರೆ ಇಲ್ಲ.

ಎರಡನೇದು ಮಳೆ. ಅರಸೀಕೆರೆ ಕಡೆ ಮಳೆ ಬಂದ್ರೆ ಬಂತು, ಹೋದ್ರೆ ಹೋಯ್ತು. ಇಲ್ಲಿ ಜೂನ್ ಕೊನೆಯಿಂದ ಸೋನೆ ಹಿಡಿದ್ರೆ ವಾರಗಟ್ಟಲೆ ಬಿಡಲ್ಲ. ಕೆಮ್ಮಣ್ಣಿನ ಗಾಡಿ ಜಾಡು ಸೋಪಿನ ಹಾಗೆ ಜಾರುತ್ತೆ. ಇರೋದು ಒಂದು ಜೊತೆ ಶೂ, ಅದು ಒಣಗಲ್ಲ. ಪೇಪರ್ ಉಂಡೆ ಮಾಡಿ ಒಳಗೆ ತುರುಕಿ ನೀರೊಲೆ ಪಕ್ಕ ಇಡೋದು ಕಲಿತೆ. ಮೊದಲ ಸಲ ಒಲೆಗೆ ತೀರಾ ಹತ್ತಿರ ಇಟ್ಟು ಅಡಿಭಾಗದ ಅಂಟು ಬಿಟ್ಟು ಬಾಯಿ ತೆರೆಯಿತು. ಎರಡು ಸಾವಿರದ ನಾನೂರು ರೂಪಾಯಿ.

ಮೂರನೇದು ಪ್ರಾಣಿ. ಅರಸೀಕೆರೆ ಗುಡ್ಡಗಳಲ್ಲಿ ಚಿರತೆ ಇದೆ, ಕರಡಿ ಇದೆ, ಅವುಗಳ ಹೊತ್ತು ನನಗೆ ಗೊತ್ತಿತ್ತು. ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಕಡೆ ಆನೆ. ನಮ್ಮ ಊರಿನ ಕಡೆಗೆ ಅವು ಬರೋದು ಅಪರೂಪ. ಆದ್ರೆ ಮೊದಲ ವರ್ಷ ಕಾಫಿ ಕೊಯ್ಲಿಗೆ ಅಂತ ನೆಂಟರ ತೋಟದಲ್ಲಿ ಹತ್ತು ದಿನ ಇದ್ದೆ. ಎರಡನೇ ಬೆಳಗ್ಗೆ ಐದೂವರೆಗೆ ಶೂ ಕಟ್ಟಿಕೊಂಡು ಗೇಟ್ ತೆಗೆದೆ. ಲೈನ್ ಮನೆ ಮುಂದೆ ಬೀಡಿ ಸೇದ್ತಾ ಕೂತಿದ್ದ ವಯಸ್ಸಾದವರೊಬ್ಬರು, "ಎಲ್ಲಿಗ್ ಸ್ವಾಮಿ? ಮೆಸೇಜ್ ನೋಡಿದ್ರಾ?" ಅಂದ್ರು. ಅರಣ್ಯ ಇಲಾಖೆಯವರು ಆನೆ ಯಾವ ತೋಟದಲ್ಲಿದೆ ಅಂತ ಮೊಬೈಲಿಗೆ ಕಳಿಸ್ತಾರೆ, ಅದನ್ನ ನೋಡದೆ ಅಲ್ಲಿ ಯಾರೂ ಗೇಟ್ ದಾಟಲ್ಲ. ಆನೆ ಗಂಟೆಗೆ ಇಪ್ಪತ್ತನಾಲ್ಕು ಕಿಲೋಮೀಟರ್ ವೇಗದಲ್ಲಿ ಬರಬಲ್ಲದು. ನಾನು ಒಂಬತ್ತು. ಶೂ ಬಿಚ್ಚಿಟ್ಟೆ. 2023ರ ಡಿಸೆಂಬರ್ 4ರಂದು ಯಸಳೂರು ಕಾಡಲ್ಲಿ ದಸರಾ ಆನೆ ಅರ್ಜುನನಂಥ ಅರ್ಜುನನೇ ಕಾಡಾನೆ ಎದುರು ಉಳಿಯಲಿಲ್ಲ. ಇಂಥ ಕಡೆ ನಸುಕಲ್ಲಿ ಓಡೋದು ಧೈರ್ಯ ಅಲ್ಲ, ಪೆದ್ದುತನ. ಇಷ್ಟು ಹೇಳಿದ ಮೇಲೂ "ನಮ್ಮ ತೋಟದಲ್ಲಿ ಏನೂ ಆಗಲ್ಲ" ಅನ್ನೋ ಹುಡುಗರು ಇದಾರೆ. ಅವರಿಗೆ ನನ್ನ ಹತ್ತಿರ ಮಾತಿಲ್ಲ.

ಇವೆಲ್ಲ ಹೇಗೋ ಆಗ್ತಿತ್ತು. ದೊಡ್ಡ ತೊಡಕು ಜನ.

ನಾನು ಇಲ್ಲಿ ಮನೆ ಅಳಿಯ. ನನ್ನ ಹೆಂಡತಿ ಊರ ಮಗಳು, ಅವಳು ತಲೆಗೆ ಟವಲ್ ಸುತ್ತಿಕೊಂಡು ಹಳೆ ಗೆಳತೀರ ಜೊತೆ ಎಲ್ಲಿ ಬೇಕಾದ್ರೂ ನಡೀಬಹುದು, ಯಾರೂ ಕೇಳಲ್ಲ. ಅಳಿಯ ಚಡ್ಡಿ ಹಾಕ್ಕೊಂಡು ಬೀದೀಲಿ ಓಡಿದ್ರೆ ಅದು ಸುದ್ದಿ. "ಅಳಿಯಂದಿರು ಓಡ್ತಾರಂತೆ, ಯಾಕಂತೆ?" ಸಾಲಗಾರರಿಗೆ ಹೆದರಿ ಅಂತ ಒಬ್ಬರು, ಅತ್ತೆ ಮನೆ ಊಟ ಅರಗಿಸೋಕೆ ಅಂತ ಇನ್ನೊಬ್ಬರು. ಹೆಂಡತಿಯ ದೊಡ್ಡಪ್ಪನ ಮಗ ಮಾತ್ರ ನೇರವಾಗಿ ಕೇಳಿದ: "ಭಾವ, ಹೊಲದಲ್ಲಿ ದುಡಿಯೋನಿಗೆ ಓಟ ಯಾಕೆ? ಅದು ಬೆಂಗಳೂರಲ್ಲಿ ಕುರ್ಚಿ ಮೇಲೆ ಕೂರೋರಿಗೆ."

ಈ ಪ್ರಶ್ನೆಗೆ ಉತ್ತರ ಕೊಡೋಕೇ ಇದನ್ನ ಬರೀತಿರೋದು. ನಮ್ಮ ತಾತ ಮಡಕೆ ಹೂಡ್ತಿದ್ರು, ಗಾಡಿ ಪಕ್ಕ ಸಂತೆಗೆ ನಡೀತಿದ್ರು. ನಾವು? ಮೋಟರ್ ಮೊಬೈಲಲ್ಲೇ ಸ್ಟಾರ್ಟ್ ಆಗುತ್ತೆ. ಉಳೋಕೆ ಟ್ರ್ಯಾಕ್ಟರ್, ಕಳೆಗೆ ಮಷೀನ್, ಅರ್ಧ ಕಿಲೋಮೀಟರ್ ದೂರದ ತೋಟಕ್ಕೆ ಬೈಕ್. ಶುಂಠಿ ಏರು ಮಡಿ ಹಾಕಿಸಿದ ದಿನ, ಬೆಳಗ್ಗೆಯಿಂದ ಸಂಜೆವರೆಗೂ ತೋಟದಲ್ಲೇ ಇದ್ದೆ, ಫೋನ್ ಜೇಬಲ್ಲಿತ್ತು. ರಾತ್ರಿ ನೋಡಿದ್ರೆ ಐದು ಸಾವಿರದ ಎಂಟುನೂರು ಹೆಜ್ಜೆ. ಸೊಂಟ ನೋವು ಮಾತ್ರ ಹತ್ತು ಮೈಲಿ ನಡೆದಷ್ಟು! ಬಗ್ಗೋದು, ಹೊರೋದು, ನಿಲ್ಲೋದು ದಣಿವೇ, ಇಲ್ಲ ಅನ್ನಲ್ಲ. ಅದ್ರಿಂದ ಎದೆ ಬಡಿತ ಏರಿ ಅರ್ಧ ಗಂಟೆ ಹಾಗೇ ನಿಲ್ಲಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150 ನಿಮಿಷ ಮಧ್ಯಮ ಚುರುಕಿನ ಚಟುವಟಿಕೆ, ಇಲ್ಲ 75 ನಿಮಿಷ ಜೋರಾದದ್ದು ಅಂತ ಹೇಳುತ್ತೆ. ದುಡಿಮೆಯಲ್ಲಿ ಅದು ಸಿಗೋ ರೈತರು, ಕೂಲಿಯವರು ಈಗಲೂ ಇದಾರೆ, ಅವರಿಗೆ ಓಟ ಬೇಡ. ಬೈಕಲ್ಲಿ ತೋಟ ಸುತ್ತೋ ನನ್ನಂಥವನು ಆ ಲೆಕ್ಕದಲ್ಲಿ ಬರಲ್ಲ. ಸಕ್ಕರೆ ಕಾಯಿಲೆ ಪೇಟೆಯವರದ್ದು ಅನ್ನೋ ಕಾಲವೂ ಹೋಯ್ತು. ಐಸಿಎಂಆರ್ ಅಧ್ಯಯನ 2023ರಲ್ಲಿ ಹೊರಬಿತ್ತಲ್ಲ, ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಆ ಹೊಸ್ತಿಲ ಮೇಲೆ ಹಳ್ಳಿಯವರೂ ಪೇಟೆಯವರೂ ಹೆಚ್ಚುಕಮ್ಮಿ ಸಮನಾಗಿ ನಿಂತಿದಾರೆ.

ಓಟ ಬೆಂಗಳೂರಿನವರದ್ದು ಅನ್ನೋರಿಗೆ ಒಂದು ಕಥೆ. ಆಸ್ಟ್ರೇಲಿಯಾದಲ್ಲಿ ಕ್ಲಿಫ್ ಯಂಗ್ ಅಂತ ಇದ್ದ, ನಮ್ಮ ಹಾಸನದವರ ಹಾಗೆ ಆಲೂಗಡ್ಡೆ ಬೆಳೆಯೋನು. ಕುರಿ ಹಿಂದೆ ಗಮ್ ಬೂಟ್ ಹಾಕ್ಕೊಂಡು ಓಡಿ ಅಭ್ಯಾಸ. 1983ರಲ್ಲಿ, 61ನೇ ವಯಸ್ಸಲ್ಲಿ, ಸಿಡ್ನಿಯಿಂದ ಮೆಲ್ಬರ್ನ್‌ಗೆ 875 ಕಿಲೋಮೀಟರ್ ಓಟದಲ್ಲಿ ಎಳೆಯ ಓಟಗಾರರನ್ನೆಲ್ಲ ಹಿಂದೆ ಹಾಕಿ ಗೆದ್ದ. 5 ದಿನ 15 ಗಂಟೆ 4 ನಿಮಿಷ. ಬೇರೆಯವರು ಮಲಗಿದ್ದಾಗ ಇವನು ಕಾಲೆಳ್ಕೊಂಡು ಹೋಗ್ತಾನೇ ಇದ್ದ. ಬಾಮೈದನಿಗೆ ಈ ಕಥೆ ಹೇಳಿದೆ. "ಅವನಿಗೆ ಆಲೂಗಡ್ಡೆ ರೇಟ್ ಚೆನ್ನಾಗಿ ಸಿಕ್ಕಿರಬೇಕು, ಅದಕ್ಕೇ ಓಡೋಕೆ ಪುರುಸೊತ್ತು" ಅಂದ. ಅದಕ್ಕೂ ಉತ್ತರ ಇಲ್ಲ ನನ್ನ ಹತ್ತಿರ.

ಹೀಗೆ ಎರಡು ದಿನ ಓಡೋದು, ಹತ್ತು ದಿನ ಬಿಡೋದು ಮಾಡ್ತಿದ್ದಾಗ 2025ರ ಜೂನ್ ಬಂತು. ನೆನಪಿರಬೇಕು. ಹಾಸನ ಜಿಲ್ಲೆ ಅಂದ್ರೆ ಹೃದಯಾಘಾತ ಅನ್ನೋ ಹಾಗೆ ಟಿವಿಯಲ್ಲಿ ದಿನಾ ಒಂದು ಸಾವು, ಅದೂ ಸಣ್ಣ ವಯಸ್ಸಿನವರದ್ದು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ನಸುಕಿನಿಂದ ಸಾಲು. ನಮ್ಮನೇಲಿ ಅತ್ತೆ ನನ್ನ ಶೂ ತೆಗೆದು ಅಟ್ಟದ ಮೇಲೆ ಇಟ್ಟುಬಿಟ್ರು. "ಓಡ್ತಾ ಓಡ್ತಾ ಹೋಗ್ಬಿಟ್ಟೋರನ್ನ ತೋರಿಸ್ತಿದಾರೆ. ನನ್ನ ಮಗಳ ಗತಿ ಏನು?" ಮಾವ ಹೋಗಿದ್ದೂ ಎದೆನೋವಿಂದಲೇ. ನಾನು ಎದುರಾಡಲಿಲ್ಲ. ನಿಜ ಹೇಳ್ಬೇಕು ಅಂದ್ರೆ ನನಗೂ ಭಯ ಆಗಿತ್ತು, ರಾತ್ರಿ ಎಡಗೈ ಜೋಮು ಹಿಡಿದ್ರೂ ಎದ್ದು ಕೂರ್ತಿದ್ದೆ.

ಆರು ವಾರ ಓಡಲಿಲ್ಲ. ಆಮೇಲೆ ಸಾಲು ಕಮ್ಮಿ ಆದ ಮೇಲೆ ತಪಾಸಣೆಗೆ ಹೋದೆ. ಇಸಿಜಿ, ಎಕೋ, ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದ್ರು. ಹೃದಯ ಸರಿ ಇದೆ. ಆದ್ರೆ ಮೂರು ತಿಂಗಳ ಸರಾಸರಿ ಸಕ್ಕರೆ 6.1. ಅರಸೀಕೆರೆ ಬಿಡೋ ಮುಂಚೆ 5.5 ಇತ್ತು. ನಾನೂ ಆ 13.6 ಕೋಟಿ ಜನರ ಜೊತೆ ಹೊಸ್ತಿಲಿಗೆ ಬಂದು ನಿಂತಿದ್ದೆ. ಡಾಕ್ಟ್ರು, "ಓಡಿ, ಆದ್ರೆ ಮೊದಲಿಂದ ಶುರು ಮಾಡೋರ ಹಾಗೆ ಓಡಿ" ಅಂದ್ರು.

ಜುಲೈಯಲ್ಲಿ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಹಾಸನದಲ್ಲಿ ಸಾವು ದಿಢೀರನೆ ಏರಿಲ್ಲ, ಸತ್ತವರಲ್ಲಿ ಹೆಚ್ಚಿನವರಿಗೆ ಸಕ್ಕರೆ, ಬಿಪಿ, ಕುಡಿತ, ಧೂಮಪಾನ ಇಂಥ ಹಳೆ ಕಾರಣಗಳೇ ಇದ್ವು ಅನ್ನೋದು ಅದರ ಸಾರ. ಸಾವಿನ ಸುದ್ದಿಗೆ ಟಿವಿ ಕೊಟ್ಟಷ್ಟು ಹೊತ್ತನ್ನ ಈ ವರದಿಗೆ ಕೊಡಲಿಲ್ಲ ಅನ್ನೋದು ನನ್ನ ದೂರು. ನಮ್ಮೂರಲ್ಲಿ ಇವತ್ತಿಗೂ ವಾಕಿಂಗ್ ನಿಲ್ಲಿಸಿದವರು ಇದಾರೆ. ಬೀಡಿ ನಿಲ್ಲಿಸಿದವರು ಯಾರೂ ಇಲ್ಲ. ತಪಾಸಣೆ ಮಾಡಿಸದೆ ನಲವತ್ತು ದಾಟಿದವರು ಏಕಾಏಕಿ ಜೋರಾಗಿ ಓಡಬಾರದು, ಇದನ್ನ ಒಪ್ತೀನಿ. ಓಡ್ತಾ ಎದೆ ಹಿಡಿದ ಹಾಗಾದ್ರೆ, ತಲೆ ಸುತ್ತಿದ್ರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು, ಇದನ್ನೂ ಒಪ್ತೀನಿ. ಹೆದರಿ ಕೂರೋದನ್ನ ಮಾತ್ರ ಒಪ್ಪಲ್ಲ.

ಮತ್ತೆ ಶುರು ಮಾಡುವಾಗ ಅರಸೀಕೆರೆ ಲೆಕ್ಕವನ್ನ ಬಿಟ್ಟೆ. ಐದು ಕಿಲೋಮೀಟರೂ ಬೇಡ, ಮೂವತ್ತಮೂರು ನಿಮಿಷವೂ ಬೇಡ. ತೆಂಗಿನ ಸಸಿ ಪಾತಿಯಿಂದ ಕಿತ್ತು ಗುಂಡಿಗೆ ಇಟ್ಟ ಮೇಲೆ ಮೊದಲ ತಿಂಗಳುಗಳಲ್ಲಿ ಯಾರೂ ಗರಿ ಎಣಿಸಲ್ಲ, ಬೇರು ಹಿಡೀತಾ ಅಂತ ನೋಡ್ತಾರೆ. ನನಗೆ ಬೇಕಿದ್ದದ್ದು ಏಳೋಕೆ ಒಂದು ನೆಪ. ಗಾಡಿ ಕೂಗೋ ಊರಲ್ಲ ಇದು. ಕೊನೆಗೆ ಸಿಕ್ಕಿದ್ದು ಡೇರಿ.

ಡೇರಿ ನಮ್ಮನೆಯಿಂದ ಎರಡು ಕಿಲೋಮೀಟರ್. ಮುಂಚೆ ಬಾಮೈದ ಟಿವಿಎಸ್ಸಲ್ಲಿ ನಮ್ಮ ಹಾಲನ್ನೂ ಒಯ್ತಿದ್ದ. ಈಗ ನಾನೇ ಹೊತ್ತು ನಡೀತೀನಿ, ಹಾಲು ತುಂಬಿದ ಕ್ಯಾನ್ ಹಿಡಿದು ಓಡೋಕಾಗಲ್ಲವಲ್ಲ, ಅದೇ ಮೈ ಬಿಸಿ ಮಾಡ್ಕೊಳ್ಳೋ ನಡಿಗೆ. ಹಾಲು ಹಾಕಿ, ಖಾಲಿ ಕ್ಯಾನ್ ಹಿಡ್ಕೊಂಡು ಕೆರೆ ಏರಿ ಬಳಸಿ ಓಡ್ತಾ ವಾಪಸ್. ಮುಚ್ಚಳ ಕಟಕಟ ಅನ್ನದ ಹಾಗೆ ಹಳೆ ಟವಲ್ ತುಂಡು ಸಿಗಿಸ್ತೀನಿ. ಬೆಳಕು ಹರಿದಿರುತ್ತೆ, ದಾರೀಲಿ ಜನ ಇರ್ತಾರೆ, ನಾಯಿಗಳಿಗೂ ಕ್ಯಾನ್ ಹಿಡಿದವನು ಪರಿಚಯ. ಇಳಿಜಾರಲ್ಲಿ ಈಗಲೂ ನಡೀತೀನಿ, ನಾಚಿಕೆ ಇಲ್ಲ. ಪ್ಯಾಂಟು ಹಾಕ್ಕೊಂಡೇ ಓಡ್ತೀನಿ. ತಮಾಷೆ ಏನಂದ್ರೆ ಕ್ಯಾನ್ ಕೈಗೆ ಬಂದ ದಿನದಿಂದ ಊರವರ ಮಾತು ನಿಂತಿತು. ಅಳಿಯಂದಿರು ಡೇರಿಯಿಂದ ಬೇಗ ಬರ್ತಾರೆ, ಅಷ್ಟೇ. ಹಳ್ಳಿಯಲ್ಲಿ ಕೆಲಸಕ್ಕೆ ಓಡಬಹುದು, ಸುಮ್ಮನೆ ಓಡಬಾರದು. ಇದು ಸರಿಯಲ್ಲ ಅಂತ ವಾದ ಮಾಡ್ತಾ ಕೂತಿದ್ರೆ ನಾನು ಇನ್ನೂ ಓಡ್ತಿರಲಿಲ್ಲ. ಕಳೆದ ಸಲದ ಸಕ್ಕರೆ 5.7.

ಭಾನುವಾರ ಮಾತ್ರ ಹೈಸ್ಕೂಲ್ ಮೈದಾನಕ್ಕೆ ಹೋಗ್ತೀನಿ. ನಮ್ಮ ಕಡೆ ಓಡೋರಲ್ಲಿ ಎರಡೇ ಜಾತಿ: ಶುಗರ್ ಬಂದೋರು, ಪೊಲೀಸ್ ಸೆಲೆಕ್ಷನ್ ಹುಡುಗರು. 1600 ಮೀಟರನ್ನ ಆರೂವರೆ ನಿಮಿಷದಲ್ಲಿ ಮುಗಿಸಬೇಕು ಅಂತ ಹುಡುಗರು ಸುತ್ತು ಹೊಡೀತಿರ್ತಾರೆ. ಹೊಸ ಊರಲ್ಲಿ ಜೊತೆ ಹುಡುಕೋರು ಮೊದಲು ಇವರನ್ನ ಹುಡುಕಿ. ನಾನು ಅವರ ವಾಚ್ ಹಿಡಿಯೋ ಕೆಲಸದಿಂದ ಶುರು ಮಾಡಿದೆ. ಇಬ್ಬರು ಹೆಣ್ಣುಮಕ್ಕಳೂ ಬರ್ತಾರೆ, ಅವರದ್ದು 400 ಮೀಟರ್ ಎರಡು ನಿಮಿಷ. ರಸ್ತೆಯಲ್ಲಿ ಓಡೋಕೆ ಅವರ ಮನೇಲಿ ಬಿಡಲ್ಲ, ಬಿಟ್ರೂ ಬೈಕಿನವರು ಬಿಡಲ್ಲ. ಅವರಿಗಿರೋದು ಈ ಮೈದಾನ ಒಂದೇ. ಅದರ ಗೇಟಿಗೆ ಬೀಗ. ಹುಡುಗರು ಕಾಂಪೌಂಡ್ ಹಾರ್ತಾರೆ, ಹುಡುಗೀರು ಹೊರಗೆ ನಿಂತು ಯಾರಾದ್ರೂ ಬೀಗ ತರಲಿ ಅಂತ ಕಾಯ್ತಾರೆ. ಹಳೇಬೀಡು, ಬೇಲೂರು ದೇವಸ್ಥಾನಗಳು 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ವು, ಪ್ರವಾಸಿಗರಿಗೆ ಅಂತ ಏನೇನೋ ಯೋಜನೆಗಳ ಮಾತು ಕೇಳಿಬರುತ್ತೆ, ಸಂತೋಷ. ಬೆಳಗ್ಗೆ ಐದೂವರೆಯಿಂದ ಎಂಟರವರೆಗೆ ಒಂದು ಬೀಗ ತೆಗೆಯೋಕೆ ಯಾವ ಯೋಜನೆಯೂ ಬೇಡ. ಶಾಲೆ ಸಮಿತಿಗೆ ಅರ್ಜಿ ಬರೆದಿದ್ದೀವಿ, ಇಪ್ಪತ್ತೆರಡು ಸಹಿ, ಅದರಲ್ಲಿ ಬಾಮೈದನದ್ದೂ ಒಂದು. ಶನಿವಾರ ಸಭೆ.

ಅಲ್ಲಿವರೆಗೆ ನನ್ನದೇ ಒಂದು ಚಿಂತೆ. ಕರೆಯೋ ಹಸು ನಮ್ಮನೇಲಿ ಒಂದೇ. ಏಳು ತಿಂಗಳ ಗಬ್ಬ, ಮುಂದಿನ ವಾರ ಬತ್ತಿಸಬೇಕು. ಆಮೇಲೆ ಎರಡು ತಿಂಗಳು ಡೇರಿಗೆ ಹಾಲಿಲ್ಲ. ಖಾಲಿ ಕ್ಯಾನ್ ಹಿಡ್ಕೊಂಡೇ ಹೋಗಿ ಖಾಲಿ ಕ್ಯಾನ್ ಹಿಡ್ಕೊಂಡೇ ಬರೋದಾ ಅಂತ ಹೆಂಡತೀನ ಕೇಳಿದೆ. "ರೀ, ಪಕ್ಕದ ಮನೆಯವರ ಹಾಲು ನೀವೇ ಒಯ್ಯಿರಿ" ಅಂದ್ಲು.