ಆರು ದಿನದ ಪಾಠ, ಒಂದು ದಿನದ ಸಂತೆ

ಕಳೆದ ಸಂಚಿಕೆಯನ್ನು ಓದಿದ ವಾಚಕರೊಬ್ಬರು ನಮಗೊಂದು ದೀರ್ಘವಾದ ಕಾಗದವನ್ನು ಬರೆದಿದ್ದಾರೆ. ಅದರ ಸಾರಾಂಶವಿಷ್ಟು: ಈಗಿನ ಪಾಠಶಾಲೆಗಳಲ್ಲಿ ಉತ್ಸವಗಳು ಹೆಚ್ಚಿ ಪಾಠಗಳು ಕಡಿಮೆಯಾಗಿವೆ, ಇಂದು ಒಂದು ಜಯಂತಿ, ನಾಳೆ ಮತ್ತೊಂದು ದಿನಾಚರಣೆ, ಮಗ್ಗಿ ಬಾರದ ಹುಡುಗನು ಕಿರೀಟ ಧರಿಸಿ ಕುಣಿಯುತ್ತಾನೆ, ಆದುದರಿಂದ ಈ ಪದ್ಧತಿಯನ್ನು ನಾವು ಬಲವಾಗಿ ಖಂಡಿಸಿ ಬರೆಯಬೇಕು. ಖಂಡನೆಯು ಸುಲಭವಾದ ಕೆಲಸ. ಅದಕ್ಕೆ ಮನೆಬಿಟ್ಟು ಹೊರಡಬೇಕಾಗಿಲ್ಲ. ನಾವಾದರೋ 2024ನೆಯ ಇಸವಿಯ ನವೆಂಬರ್ 11ರ ಸೋಮವಾರದಿಂದ 16ರ ಶನಿವಾರದವರೆಗೆ ಒಂದು ಹಳ್ಳಿಯ ಶಾಲೆಯಲ್ಲಿ ಹುಡುಗರ ನಡುವೆ ಕುಳಿತು ಕಣ್ಣಾರೆ ಕಂಡುದುಂಟು. ಆ ವಾರದ ವೃತ್ತಾಂತವನ್ನೇ ಉತ್ತರವಾಗಿ ಬರೆಯುತ್ತೇವೆ. ಮಹಾಶಯರು ಅದನ್ನೋದಿ ತಮ್ಮ ತೀರ್ಮಾನವನ್ನು ತಾವೇ ಮಾಡಿಕೊಳ್ಳಬಹುದು.

ಶಾಲೆಯು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಾಡಿನ ಅಂಚಿಗೆ ಸೇರಿದ ಊರಿನಲ್ಲಿದೆ. ಊರಿನ ಹೆಸರು ಇಲ್ಲಿ ಅನಾವಶ್ಯಕ. ಒಂದರಿಂದ ಐದನೆಯ ತರಗತಿಯವರೆಗೆ ಕೂಡಿ ಮೂವತ್ತೊಂದು ಮಕ್ಕಳು; ಉಪಾಧ್ಯಾಯರು ಇಬ್ಬರು. ಅರವತ್ತು ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರೆಂಬುದು 2009ನೆಯ ಇಸವಿಯ ಶಿಕ್ಷಣದ ಹಕ್ಕಿನ ಕಾಯಿದೆಯ ಕಟ್ಟಳೆ. ಲೆಕ್ಕಕ್ಕೆ ಇದು ಧಾರಾಳವೆಂದೇ ತೋರುವುದು. ಆದರೆ ಇಬ್ಬರು ಐದು ತರಗತಿಗಳನ್ನು ನಡೆಸಬೇಕೆಂಬುದನ್ನು ನೆನೆದರೆ ಆ ಧಾರಾಳತನವು ಅಲ್ಲಿಗೇ ಕರಗುವುದು. ಮೊದಲ ಮೂರು ತರಗತಿಗಳ ಮಕ್ಕಳನ್ನು ಉಪಾಧ್ಯಾಯಿನಿಯೊಬ್ಬರು ಒಂದೇ ಕೋಣೆಯಲ್ಲಿ ಕೂರಿಸಿಕೊಂಡಿದ್ದರು. ಉಳಿದೆರಡು ತರಗತಿಗಳೂ, ಸರ್ಕಾರಕ್ಕೆ ಬರೆಯತಕ್ಕ ಸಮಸ್ತ ಲೆಕ್ಕಪತ್ರಗಳೂ ಮುಖ್ಯೋಪಾಧ್ಯಾಯರ ಪಾಲು.

ಸೋಮವಾರ ನಾವು ಒಳಹೊಕ್ಕಾಗ ಮೊದಲು ಕಣ್ಣಿಗೆ ಬಿದ್ದುದು ತಲೆಯ ಮೇಲಿನ ಚಪ್ಪರ. ಗೋಡೆಯಿಂದ ಗೋಡೆಗೆ ದಾರಗಳನ್ನು ಎಳೆದು, ಮಕ್ಕಳು ಬರೆದ ಚಿತ್ರಗಳನ್ನೂ ಕತ್ತರಿಸಿದ ಬಣ್ಣದ ಕಾಗದಗಳನ್ನೂ ತೂಗಹಾಕಿದ್ದರು. ಗೋಡೆಯ ಬುಡದಲ್ಲಿ, ಕುಳಿತ ಮಗುವಿನ ಕೈಗೆ ಎಟಕುವಷ್ಟು ಎತ್ತರಕ್ಕೆ, ಸುತ್ತಲೂ ಕಪ್ಪುಹಲಗೆ. ಪ್ರತಿಯೊಂದು ಮಗುವಿಗೂ ಅದರಲ್ಲಿ ಒಂದು ಪಾಲು. ಬಾಗಿಲ ಬಳಿ ಹವಾಮಾನದ ಪಟ. ಆ ದಿನ ಬೆಳಗ್ಗೆ ದಟ್ಟವಾದ ಮಂಜು ಕವಿದಿದ್ದುದರಿಂದ, ಮೋಡವೆಂದು ಗುರುತುಮಾಡುವುದೋ ಬಿಸಿಲೆಂದು ಮಾಡುವುದೋ ಎಂಬ ವಿಷಯದಲ್ಲಿ ದೊಡ್ಡ ಚರ್ಚೆಯೇ ನಡೆದು, ಕೊನೆಗೆ ಬಿಸಿಲು ಬರುವ ತನಕ ಕಾಯುವುದೆಂದು ತೀರ್ಮಾನವಾಯಿತು. ಇಂತಹ ವಿವೇಕವು ನಮ್ಮ ಹಿರಿಯರ ಸಭೆಗಳಲ್ಲಿ ಅಷ್ಟಾಗಿ ಕಂಡುಬರುವುದಿಲ್ಲ.

ಹಿಂದಿನ ಕೂಲಿಮಠಗಳ ವಿಷಯವನ್ನು ವಾಚಕರಲ್ಲಿ ಅನೇಕರು ತಮ್ಮ ಅಜ್ಜಂದಿರಿಂದ ಕೇಳಿ ಬಲ್ಲರು. ಮರಳಿನ ಮೇಲೆ ಬೆರಳು ಸವೆಯುವಂತೆ ತಿದ್ದುವುದು, ತಪ್ಪಿದವನಿಗೆ ಕೋದಂಡದ ಶಿಕ್ಷೆ. ಆ ಮಠಗಳಲ್ಲಿಯೂ ಉತ್ಸವವಿಲ್ಲದಿರಲಿಲ್ಲ. ಮಹಾನವಮಿ ಬಂದಿತೆಂದರೆ ಐಗಳು ಹುಡುಗರನ್ನು ಕರೆದುಕೊಂಡು ಚೌಪದನವನ್ನು ಹಾಡಿಸುತ್ತ ಮನೆಮನೆಗೆ ಹೋಗುತ್ತಿದ್ದರು. ಗೃಹಸ್ಥರು ಕಾಣಿಕೆ ಕೊಡುತ್ತಿದ್ದರು. ಐಗಳ ಜೀವನಕ್ಕೆ ಅದೂ ಒಂದು ಆಧಾರ. ಆದುದರಿಂದ ಉತ್ಸವವೆಂಬುದು ಪಾಠಶಾಲೆಗೆ ನಿನ್ನೆ ಮೊನ್ನೆ ಹತ್ತಿದ ಚಟವೆಂದು ನಮ್ಮ ಪತ್ರಲೇಖಕರು ಭಾವಿಸತಕ್ಕದ್ದಿಲ್ಲ.

ಮಂಗಳವಾರ ಅಕ್ಷರಪಾಠ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗಿದೆ. ಅ ಆ ಇ ಈ ಎಂದು ನಾಲ್ವತ್ತೊಂಬತ್ತು ಅಕ್ಷರಗಳನ್ನು ಸಾಲಾಗಿ ಒಪ್ಪಿಸಿದ ಮೇಲೆ ಪದಗಳಿಗೆ ಕೈಹಾಕುವುದು ನಮ್ಮ ಕಾಲದ ಕ್ರಮ. ಇಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳನ್ನು. ಇದೇನು ಅಡ್ಡಾದಿಡ್ಡಿ ಕ್ರಮವೆಂದು ನಾವು ಹುಬ್ಬುಗಂಟಿಕ್ಕಿದೆವು. ಆದರೆ ಬರೆದು ನೋಡಿರಿ: ಐದೂ ಕೈಯ ದುಂಡನೆಯ ತಿರುವಿನಿಂದ ಹುಟ್ಟತಕ್ಕವು, ಒಂದನ್ನು ಬಲ್ಲ ಕೈಗೆ ಇನ್ನೊಂದು ಕಷ್ಟವಲ್ಲ. ಅದಕ್ಕಿಂತಲೂ ಹೆಚ್ಚಿನ ಮಾತೆಂದರೆ, ಈ ಐದು ಬಂದೊಡನೆಯೇ ಮಗುವು ಸರ, ಅರಸ, ಅಗಸ, ದಸರ, ಗರಗಸ ಎಂದು ಓದಬಲ್ಲುದು. ಒತ್ತಿಲ್ಲ, ಗುಣಿತವಿಲ್ಲ, ಆದರೂ ಓದು! ಆರು ವರ್ಷದ ಹುಡುಗಿಯೊಬ್ಬಳು ಗರಗಸವೆಂಬ ಪದವನ್ನು ಬೆರಳಿಟ್ಟು ಕೂಡಿಸಿಕೊಂಡು ಓದಿ, ಅರ್ಥ ಹೊಳೆದ ಕ್ಷಣದಲ್ಲಿ ಕೈಯನ್ನು ಮರ ಕೊಯ್ಯುವಂತೆ ಹಿಂದಕ್ಕೂ ಮುಂದಕ್ಕೂ ಆಡಿಸಿದಳು. ಆಕೆಯ ತಂದೆ ಬಡಗಿಯೆಂದು ಆಮೇಲೆ ತಿಳಿಯಿತು.

ಈ ಪದ್ಧತಿಗೆ ನಲಿಕಲಿಯೆಂದು ಹೆಸರು. ಇದು ಹುಟ್ಟಿದುದೂ ಇದೇ ತಾಲ್ಲೂಕಿನಲ್ಲಿ, 1995ನೆಯ ಇಸವಿಯಲ್ಲಿ. ಇಲ್ಲಿನ ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಯ ಶಾಲೆಗಳನ್ನು ನೋಡಿಬಂದು, ಯೂನಿಸೆಫ್ ಸಂಸ್ಥೆಯ ನೆರವಿನಿಂದ, ತಾವೇ ಕುಳಿತು ಪಾಠದ ಕಾರ್ಡುಗಳನ್ನು ಸಿದ್ಧಪಡಿಸಿದರು. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೂ ಅದು ಹರಡಿತು. ಪಾಠವನ್ನು ಏಣಿಯ ಮೆಟ್ಟಿಲುಗಳಂತೆ ಸಣ್ಣ ಸಣ್ಣ ಭಾಗಮಾಡಿರುತ್ತಾರೆ. ಮಕ್ಕಳು ಐದು ಗುಂಪುಗಳಲ್ಲಿ ಕುಳಿತುಕೊಳ್ಳುವರು: ಒಂದು ಗುಂಪಿಗೆ ಉಪಾಧ್ಯಾಯರ ಪೂರ್ಣ ಸಹಾಯ, ಇನ್ನೊಂದಕ್ಕೆ ಸ್ವಲ್ಪ ಸಹಾಯ, ಮುಂದಿನ ಗುಂಪುಗಳಲ್ಲಿ ಬಲ್ಲ ಮಗುವೇ ಅರಿಯದ ಮಗುವಿಗೆ ಹೇಳಿಕೊಡುವುದು, ಕಡೆಯದರಲ್ಲಿ ಮಗುವು ತಾನೇ ಕಲಿಯುವುದು. ಮೂರು ತರಗತಿಗಳನ್ನು ಒಬ್ಬರೇ ನಡೆಸಬೇಕಾದ ಕಡೆ ಇದಕ್ಕಿಂತ ಬೇರೆ ಉಪಾಯವು ನಮಗಂತೂ ಹೊಳೆಯುವುದಿಲ್ಲ. ಇನ್ನೊಂದು ಗುಣವಿದೆ. ಸುಗ್ಗಿಗೋ ಜ್ವರಕ್ಕೋ ಮನೆಯಲ್ಲಿ ಉಳಿದ ಮಗುವು ಮರಳಿ ಬಂದಾಗ, ತಾನು ಬಿಟ್ಟುಹೋದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ತರಗತಿ ಮುಂದೆ ಓಡಿತು, ತಾನು ಹಿಂದುಳಿದೆ ಎಂಬ ಅಳುಕಿಲ್ಲ. ಆ ವಾರ ರಾಗಿಯ ಕೊಯ್ಲಿನ ಕಾಲವಾದುದರಿಂದ ಮಂಗಳವಾರ ಏಳು ಮಕ್ಕಳು ಬಂದಿರಲಿಲ್ಲ. ಉಪಾಧ್ಯಾಯಿನಿಯವರು ಅದಕ್ಕಾಗಿ ಸಿಡುಕಲಿಲ್ಲ.

ಅವರನ್ನು ಚಿಂತೆಗೀಡುಮಾಡಿದ್ದ ಹುಡುಗನೇ ಬೇರೆ. ಜೇನುಕುರುಬರ ಹಾಡಿಯಿಂದ ಬರುತ್ತಿದ್ದ ಆತನು ಎರಡನೆಯ ತರಗತಿಯವನು. ಬೆಳಗ್ಗೆ ಎಲ್ಲರಿಗಿಂತ ಮೊದಲೇ ಬರುವನು, ಸಂಜೆ ಎಲ್ಲರಿಗಿಂತ ಹಿಂದೆ ಹೋಗುವನು. ನಡುವೆ ತುಟಿ ಬಿಚ್ಚುವವನಲ್ಲ. ಮನೆಯಲ್ಲಿ ಆಡುವುದು ಜೇನುಕುರುಬರ ನುಡಿ, ಶಾಲೆಯಲ್ಲಿ ಕೇಳುವುದು ಪುಸ್ತಕದ ಕನ್ನಡ. ಎಣಿಕೆಯ ಏಣಿಯಲ್ಲಿ ಆತನ ಗುರುತು ತಿಂಗಳುಗಟ್ಟಲೆಯಿಂದ ಕೆಳಗಿನ ಮೆಟ್ಟಿಲಿನಲ್ಲಿಯೇ ನಿಂತಿದ್ದಿತು. ಎಷ್ಟೆಂದು ಕೇಳಿದರೆ ನೆಲವನ್ನು ನೋಡುವನು. ಹತ್ತರವರೆಗೆ ಬರುವುದೋ ಇಲ್ಲವೋ ಎಂಬುದೇ ಸಂದೇಹವೆಂದು ಉಪಾಧ್ಯಾಯಿನಿಯವರು ನಮ್ಮೊಡನೆ ಹೇಳಿದರು.

ಬುಧವಾರದ ವಿಷಯವನ್ನು ಬೇಗ ಮುಗಿಸುತ್ತೇವೆ. ಬೆಳಗ್ಗೆ ರಾಗಿಹಿಟ್ಟು ಬೆರೆಸಿದ ಬಿಸಿಹಾಲು, ಮಧ್ಯಾಹ್ನ ಅನ್ನ ಸಾರು. ಆ ವರ್ಷದ ಸೆಪ್ಟೆಂಬರಿನಿಂದ ವಾರದ ಆರು ದಿನವೂ ಮೊಟ್ಟೆ ಕೊಡುವ ಏರ್ಪಾಡಾಗಿದ್ದು, ಅದನ್ನು ತಿನ್ನದವರಿಗೆ ಬಾಳೆಹಣ್ಣೋ ಕಡಲೆಯ ಚಿಕ್ಕಿಯೋ ದೊರೆಯುತ್ತಿದ್ದಿತು. ಹಸಿದ ಹೊಟ್ಟೆಗೆ ಅಕ್ಷರ ಹತ್ತುವುದಿಲ್ಲವೆಂಬುದನ್ನು ತಾಯಂದಿರಿಗೆ ನಾವು ತಿಳಿಸಬೇಕಾಗಿಲ್ಲ. ಊಟದ ಮೇಲೆ ಮಾರನೆಯ ದಿನದ ಉತ್ಸವಕ್ಕೆ ಸಿದ್ಧತೆ ನಡೆಯಿತು.

ಈಗ ನಮ್ಮ ಪತ್ರಲೇಖಕರ ಆಕ್ಷೇಪಣೆಗೆ ಬರೋಣ. ಅದೇ ಕಾಯಿದೆಯ ಪ್ರಕಾರ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಪಾಠ ನಡೆಯಬೇಕು. ಎಂದರೆ ದಿನಕ್ಕೆ ನಾಲ್ಕು ಗಂಟೆ. ಒಂದು ಕುಣಿತದ ಅಭ್ಯಾಸಕ್ಕೆಂದು ದಿನವೂ ಎರಡು ಗಂಟೆಯಂತೆ ಆರು ದಿನ ಕಳೆದರೆ ಹನ್ನೆರಡು ಗಂಟೆ, ಅಂದರೆ ಮೂರು ದಿನದ ಪಾಠ, ಹೋದಂತಾಯಿತು. ಪಟ್ಟಣದ ಒಂದು ಶಾಲೆಯ ವಾರ್ಷಿಕೋತ್ಸವವನ್ನು ನಾವು ನೋಡಿದ್ದೇವೆ. ಬಾಡಿಗೆಯ ಜರತಾರಿ ಉಡುಪು, ಸಿನಿಮಾದ ಹಾಡು, ಮೂರು ವಾರದ ಅಭ್ಯಾಸ. ಕುಣಿದವರು ಇಪ್ಪತ್ತು ಮಕ್ಕಳಾದರೆ, ಮುಖ ಚಿಕ್ಕದು ಮಾಡಿಕೊಂಡು ಬಿಸಿಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದವರು ನೂರಾರು. ಬಾಡಿಗೆಯನ್ನು ತೆರಲಾರದೆ ಮಗಳಿಗೆ ಜ್ವರವೆಂದು ಹೇಳಿ ಮನೆಯಲ್ಲಿ ನಿಲ್ಲಿಸಿಕೊಂಡ ತಾಯಿಯನ್ನೂ ನಾವು ಬಲ್ಲೆವು. ಆ ಬಗೆಯ ಉತ್ಸವದ ವಿಷಯದಲ್ಲಿ ಪತ್ರಲೇಖಕರ ಕೋಪವು ನ್ಯಾಯವಾದುದೇ. ಆದರೆ ತಪ್ಪು ಶಾಲೆಯದು ಮಾತ್ರವೇ? ಛಾಯಾಚಿತ್ರ ತೆಗೆಯುವುದಕ್ಕೆ ಮುಂದಿನ ಸಾಲಿಗೆ ನುಗ್ಗುವವರು ಯಾರು? ನಮ್ಮ ಮಗುವಿಗೆ ವೇಷವಿಲ್ಲವೇಕೆಂದು ಜಗಳವಾಡುವವರು ಯಾರು? ಗೃಹಸ್ಥರು ತಮ್ಮನ್ನೇ ಕೇಳಿಕೊಳ್ಳಲಿ.

ಗುರುವಾರ ನವೆಂಬರ್ 14, ಮಕ್ಕಳ ದಿನ. ಪಂಡಿತ ನೆಹರೂ ಅವರು 1889ರಲ್ಲಿ ಹುಟ್ಟಿದ ದಿನವಿದು. 1964ರಲ್ಲಿ ಅವರು ತೀರಿಕೊಂಡ ತರುವಾಯ, ಅದುವರೆಗೆ ನವೆಂಬರ್ 20ರಂದು ನಡೆಯುತ್ತಿದ್ದ ಆಚರಣೆಯು ಈ ದಿನಕ್ಕೆ ಬಂದಿತು. ಈ ಶಾಲೆಯಲ್ಲಿ ಭಾಷಣ ಐದೇ ನಿಮಿಷ. ಆಮೇಲೆ ಸಂತೆ! ಮಕ್ಕಳ ಸಂತೆಯೆಂದೂ ಮೆಟ್ರಿಕ್ ಮೇಳವೆಂದೂ ಇದನ್ನು ಕರೆಯುತ್ತಾರೆ. ಮನೆಯಲ್ಲಿಯೋ ಹೊಲದಲ್ಲಿಯೋ ಇದ್ದುದನ್ನು ಮಕ್ಕಳು ತರುವುದು, ಅಂಗಳದಲ್ಲಿ ಗೋಣಿ ಹಾಸಿ ಮಾರುವುದು, ತಂದೆತಾಯಿಗಳು ನಿಜವಾದ ಹಣ ಕೊಟ್ಟು ಕೊಳ್ಳುವುದು. ಅವರೆಕಾಯಿ, ಬದನೆಕಾಯಿ, ನುಗ್ಗೆಸೊಪ್ಪು, ಹುರಿದ ಕಡಲೆಕಾಯಿ, ಹುರುಳಿ, ಒಬ್ಬಳ ಅಜ್ಜಿ ಮಾಡಿಕೊಟ್ಟ ಚಕ್ಕುಲಿ. ಮೂವತ್ತೊಂದು ಮಕ್ಕಳೂ ಬಂದಿದ್ದರು. ಕೊಯ್ಲು ಆ ದಿನ ಯಾರನ್ನೂ ಹಿಡಿದು ನಿಲ್ಲಿಸಲಿಲ್ಲ.

ಹುರುಳಿಯ ಅಂಗಡಿಯಲ್ಲಿ ಒಂದು ತಮಾಷೆ ನಡೆಯಿತು. ಮುದುಕಿಯೊಬ್ಬರು ಬಂದು ಎರಡು ಪಾವು ಕೊಡವ್ವಾ ಎಂದರು. ನಾಲ್ಕನೆಯ ತರಗತಿಯ ಹುಡುಗಿಯ ಬಳಿ ತಕ್ಕಡಿಯೂ ಗ್ರಾಮಿನ ಬಟ್ಟುಗಳೂ ಇದ್ದುವೇ ಹೊರತು ಪಾವೆಂದರೇನೆಂದು ಆಕೆ ಅರಿಯಳು. ನಾಲ್ಕು ಪಾವು ಕೂಡಿದರೆ ಒಂದು ಸೇರೆಂದು ಮುದುಕಿ ಹೇಳಿದರು. ಹಾಗಾದರೆ ಸೇರೆಂದರೆ ಎಷ್ಟೆಂದು ಹುಡುಗಿ ಕೇಳಿದಳು! ಮುಖ್ಯೋಪಾಧ್ಯಾಯರು ನಡುವೆ ಬಾಯಿಹಾಕದೆ ನಗುತ್ತ ನಿಂತಿದ್ದರು. ಕೊನೆಗೆ ಅಡುಗೆಮನೆಯಿಂದ ಹಳೆಯ ಪಾವನ್ನು ತರಿಸಿ, ತುಂಬಿ, ತಕ್ಕಡಿಗೆ ಸುರಿದು ತೂಗಿ, ಬೆಲೆ ಕಟ್ಟಿದರು. ತೂಕ ಅಳತೆಗಳ ಕಾಯಿದೆ 1956ರಲ್ಲಿಯೇ ಆಗಿದ್ದರೂ ಪಾವು ಸೇರುಗಳು ನಮ್ಮ ಮುದುಕಿಯರ ಬಾಯಿಂದ ಇಳಿದಿಲ್ಲ. ಇಳಿಯಬೇಕೆಂಬ ಆತುರವೂ ನಮಗಿಲ್ಲ.

ಅಂಗಳದ ತುದಿಯಲ್ಲಿ ಹಾಡಿಯ ಹುಡುಗನು ಮುತ್ತುಗದ ಎಲೆಗಳ ಮೇಲೆ ಕಾಡಿನ ನೆಲ್ಲಿಕಾಯಿಗಳನ್ನು ಹತ್ತುಹತ್ತರ ಗುಡ್ಡೆಮಾಡಿಕೊಂಡು ಕುಳಿತಿದ್ದನು. ಗುಡ್ಡೆಗೆ ಐದು ರೂಪಾಯಿ. ನಾವು ಇಪ್ಪತ್ತು ರೂಪಾಯಿಯ ನೋಟನ್ನು ಕೊಟ್ಟು ಮೂರು ಗುಡ್ಡೆ ಕೇಳಿದೆವು. ಹುಡುಗನು ಮೂರನ್ನೂ ನಮ್ಮ ಚೀಲಕ್ಕೆ ಸುರಿದು, ನೋಟನ್ನು ಒಮ್ಮೆ ನೋಡಿ, ಐದು ರೂಪಾಯಿಯ ನಾಣ್ಯವನ್ನು ನಮ್ಮ ಕೈಗಿಟ್ಟು, "ಇನ್ನೈದು ನಿಮ್ದು" ಎಂದನು. ಹಿಂದೆ ನಿಂತಿದ್ದ ಉಪಾಧ್ಯಾಯಿನಿಯವರು ಮಾತನಾಡಲಿಲ್ಲ. ತಾವೂ ಬಂದು ಐವತ್ತರ ನೋಟು ಕೊಟ್ಟು ನಾಲ್ಕು ಗುಡ್ಡೆ ಕೊಂಡರು. ಮೂವತ್ತು ರೂಪಾಯಿ ಸರಿಯಾಗಿ ಮರಳಿತು.

ಶುಕ್ರವಾರ ಪಾಠದ ವಸ್ತುವೇ ಸಂತೆ. ಎಷ್ಟು ತಂದೆ, ಎಷ್ಟು ಮಾರಿದೆ, ಎಷ್ಟು ಉಳಿಯಿತು? ಕೂಡುವ ಲೆಕ್ಕವೂ ಕಳೆಯುವ ಲೆಕ್ಕವೂ ಅಂಗೈಯ ದುಡ್ಡಿನ ಮೇಲೆಯೇ ನಡೆದುವು. ನಮ್ಮ ಹುಡುಗನಿಗೆ ಎಣಿಕೆಯ ಏಣಿಯಲ್ಲಿ ಒಂದೇ ಬೆಳಗಿನಲ್ಲಿ ಆರು ಮೆಟ್ಟಿಲುಗಳ ಬಡ್ತಿ ದೊರೆಯಿತು. ಪ್ರತಿಯೊಂದು ಕಾರ್ಡನ್ನೂ ಉಪಾಧ್ಯಾಯಿನಿಯವರು ಆತನಿಂದ ಮಾಡಿಸಿಯೇ ಮುಂದಕ್ಕೆ ಬಿಟ್ಟರು. ಬಾಯಿಂದ ಬಾರದುದನ್ನು ಬೀಜಗಳನ್ನು ಜೋಡಿಸಿ ತೋರಿಸಲು ಹೇಳಿದರು.

ಅದೇ ಮಧ್ಯಾಹ್ನ ಹುಡುಗನ ತಂದೆ ಬಂದನು. ಕೊಡಗಿನಲ್ಲಿ ಕಾಫಿ ಹಣ್ಣಾಗುವ ಕಾಲ ಸಮೀಪಿಸಿತ್ತು. ತೋಟದವರು ಹಾಡಿಯಿಂದ ಆಳುಗಳನ್ನು ಕರೆದೊಯ್ಯುವರು. ಹೋದವರು ಬೇಸಗೆಯವರೆಗೆ ಹಿಂದಿರುಗುವುದಿಲ್ಲ. ಹುಡುಗನನ್ನು ಬಿಟ್ಟುಹೋಗಬಾರದೇ ಎಂದು ಮುಖ್ಯೋಪಾಧ್ಯಾಯರು ಕೇಳಿದುದಕ್ಕೆ, "ಮಗಾನ ಯಾರತ್ರ ಬುಟ್ಟೋಗದು ಮೇಷ್ಟ್ರೇ?" ಎಂದು ಅವನು ತಿರುಗಿ ಕೇಳಿದನು. ಅಜ್ಜಿ ತೀರಿಕೊಂಡು ಆರು ತಿಂಗಳಾಗಿತ್ತು. ಆಶ್ರಮಶಾಲೆಯ ಮಾತೂ ಬಂದಿತು. ಅಷ್ಟು ಚಿಕ್ಕವನನ್ನು ಕಳುಹಿಸಲು ತಾಯಿಗೆ ಮನಸ್ಸಿಲ್ಲವೆಂದನು. ನಾಲ್ಕಾರು ತಿಂಗಳ ಕೂಲಿಯನ್ನು ಬಿಡೆಂದು ಅವನಿಗೆ ಹೇಳುವ ಬಾಯಿ ಅಲ್ಲಿದ್ದ ಯಾರಿಗೂ ಇರಲಿಲ್ಲ. ನಾವೂ ಸುಮ್ಮನಿದ್ದೆವು.

ಶನಿವಾರ ಬೆಳಗಿನ ಶಾಲೆ. ತಿಂಗಳ ಮೂರನೆಯ ಶನಿವಾರವಾದುದರಿಂದ ಚೀಲವಿಲ್ಲದ ದಿನ. ಮಕ್ಕಳು ಬರಿಗೈಯಲ್ಲಿ ಬಂದು ಮಧ್ಯಾಹ್ನದವರೆಗೆ ಆಡಿದರು. ಉಪಾಧ್ಯಾಯಿನಿಯವರು ಒಂದು ಕಾಗದದ ಮೇಲೆ ಹುಡುಗನ ಹೆಸರನ್ನೂ ಭಾಷೆಯಲ್ಲಿ, ಎಣಿಕೆಯಲ್ಲಿ ಆತನು ಮುಟ್ಟಿದ್ದ ಮೆಟ್ಟಿಲುಗಳನ್ನೂ ಬರೆದು, ತೋಟದ ಹತ್ತಿರ ಶಾಲೆಯಿದ್ದರೆ ತೋರಿಸೆಂದು ತಂದೆಗೆ ಕಳುಹಿಸಿಕೊಟ್ಟರು. ಮುಂದಿನ ಮೆಟ್ಟಿಲುಗಳ ಕೆಲವು ಕಾರ್ಡುಗಳನ್ನು ತಾವೇ ನೋಟುಪುಸ್ತಕದಲ್ಲಿ ನಕಲುಮಾಡಿ ಹುಡುಗನ ಕೈಗಿತ್ತರು. ಬೇಸಗೆಗೆ ಮುಂಚೆ ಬಂದರೆ ಇಲ್ಲಿಂದ ಹಿಡಿ, ತಡವಾದರೆ ಜೂನಿನಲ್ಲಿ ಇಲ್ಲಿಂದಲೇ ಹಿಡಿ, ಎಂದು ಏಣಿಯ ಪಟದಲ್ಲಿ ಆತನ ಜಾಗವನ್ನು ಬೆರಳಿಟ್ಟು ತೋರಿಸಿದರು. ಹುಡುಗನೂ ಅದರ ಮೇಲೆ ಬೆರಳಿಟ್ಟು ನೋಡಿದನು. ಸೋಮವಾರ ಕನಕಜಯಂತಿಯ ರಜವಾದುದರಿಂದ, ಹಾಜರಿಯ ಪುಸ್ತಕದಲ್ಲಿ ಆತನ ಹೆಸರಿನ ಮುಂದೆ ಬರಿಯ ಜಾಗ ಬೀಳುವುದು ಮಂಗಳವಾರದಿಂದ.